ಮೇನ್ ಫ್ಯೂಸ್ ಎಷ್ಟು ಆಂಪಿಯರ್‌ನದಿರಬೇಕು?

ಮಾನ್ಯರೇ,

ಮನೆಯ ಮೇನ್ ಫ್ಯೂಸ್ ಪದೇ ಪದೇ ಹೋಗತೊಡಗಿದರೆ ನಮ್ಮಲ್ಲಿ ನಡೆಯುವ ರಿಪೇರಿ ಎಂದರೆ, ಫ್ಯೂಸ್ ವೈರು ಕೂರುವ ಪಿಂಗಾಣಿಯ ಕಿಟ್‌ಕ್ಯಾಟ್ ಕಿತ್ತು, ಕೈಗೆ ಸಿಕ್ಕ ವೈರಿನ ತುಂಡಿನಿಂದ ತಾಮ್ರದ ನಾಲ್ಕೈದು ಎಳೆ ಬಿಡಿಸಿ, ಹುರಿ ಮಾಡಿ ಸ್ಕ್ರೂಗೆ ಸುತ್ತುವುದು. ಆಮೇಲೆ ಫ್ಯೂಸ್ ಹೋಗುವುದಿಲ್ಲ, ನಿಜ. ಬದಲಿಗೆ ಗೋಡೆಯೊಳಗಿನ ವೈರು ಬಿಸಿಯೇರುತ್ತದೆ.

ಮೇನ್ ಫ್ಯೂಸಿಗೆ ಎರಡು ಮಿತಿಗಳಿವೆ. ಒಟ್ಟಿಗೆ ನಡೆಯುವ ಉಪಕರಣಗಳು ಎಳೆಯುವ ಕರೆಂಟಿಗಿಂತ ಅದು ಕಡಿಮೆ ಇರಬಾರದು. ಮೀಟರಿನಿಂದ ಒಳಬರುವ ಮೇನ್ ವೈರು ತಾಳುವಷ್ಟಕ್ಕಿಂತ ಹೆಚ್ಚಿರಬಾರದು. ಲೆಕ್ಕ ಕಷ್ಟದ್ದಲ್ಲ: 230 ವೋಲ್ಟಿನಲ್ಲಿ ಒಂದು ಕಿಲೋವ್ಯಾಟ್ ಎಂದರೆ ಸುಮಾರು 4.3 ಆಂಪಿಯರ್. ಬೆಳಗಿನ ಹೊತ್ತು 2 ಕಿಲೋವ್ಯಾಟ್ ಗೀಸರ್, ಅಷ್ಟೇ ಸಾಮರ್ಥ್ಯದ ಇಂಡಕ್ಷನ್ ಒಲೆ, ಸಂಪಿನಿಂದ ನೀರೆತ್ತುವ 1 ಎಚ್‌ಪಿ ಮೋಟರ್ ಒಟ್ಟಿಗೆ ನಡೆದರೆ 23 ಆಂಪಿಯರ್ ದಾಟುತ್ತದೆ. ಮೇನ್ ವೈರು 6 ಚದರ ಮಿಲಿಮೀಟರ್ ತಾಮ್ರದ್ದಾಗಿದ್ದರೆ 32 ಆಂಪಿಯರ್‌ನ ಎಂಸಿಬಿ (ಫ್ಯೂಸಿನ ಬದಲು ಹಾಕುವ, ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಸಾಮಾನ್ಯವಾಗಿ ಹೊಂದುತ್ತದೆ. ಹಳೆಯ ಮನೆಯಲ್ಲಿ 2.5 ಚದರ ಮಿಲಿಮೀಟರ್‌ ವೈರೇ ಇದ್ದರೆ, ಪೈಪಿನೊಳಗೆ ಅದು ತಾಳುವುದು 20 ಆಂಪಿಯರ್ ಆಸುಪಾಸು. ಅಲ್ಲಿ ಬದಲಾಗಬೇಕಾದದ್ದು ಫ್ಯೂಸ್ ಅಲ್ಲ, ವೈರು. ವೋಲ್ಟೇಜ್ ಕುಸಿಯುವ ಊರುಗಳಲ್ಲಿ ಮೋಟರ್ ಇನ್ನೂ ಹೆಚ್ಚು ಕರೆಂಟ್ ಎಳೆಯುವುದರಿಂದ ಅದಕ್ಕೂ ಒಂದಿಷ್ಟು ಜಾಗ ಬಿಡಬೇಕು.

ಹಲವು ಎಲೆಕ್ಟ್ರಿಷಿಯನ್ನರೂ ಗಮನಿಸದ ಸಂಗತಿ ಇನ್ನೊಂದಿದೆ. ಕಿಟ್‌ಕ್ಯಾಟಿಗೆ ಹಾಕುವ 15 ಆಂಪಿಯರ್ ಫ್ಯೂಸ್ ವೈರು 15 ದಾಟಿದ ಕೂಡಲೇ ಕರಗುವುದಿಲ್ಲ. ಅದು ಕರಗುವುದು ಹೆಚ್ಚುಕಡಿಮೆ ಅದರ ಎರಡರಷ್ಟು ಕರೆಂಟಿಗೆ. ಎಂಸಿಬಿಯಾದರೋ ತನ್ನ ಆಂಪಿಯರ್‌ನ 1.45 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಬೀಳುತ್ತದೆ. ಆದ್ದರಿಂದ 20 ಆಂಪಿಯರ್ ತಾಳುವ ವೈರಿಗೆ ಎಂಸಿಬಿ 20ರದ್ದು ನಡೆದರೂ, ಕಿಟ್‌ಕ್ಯಾಟಿನಲ್ಲಿ 15ಕ್ಕಿಂತ ದಪ್ಪದ ವೈರು ಸಲ್ಲದು. ಹಳೆಯ ಕಿಟ್‌ಕ್ಯಾಟ್ ತೆಗೆಸಿ ಎಂಸಿಬಿ ಹಾಕಿಸಿಕೊಳ್ಳುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಗದಿತ ಶುಲ್ಕ ಏರುತ್ತದೆಂದು ಮಂಜೂರಾದ ಲೋಡನ್ನು (ವಿದ್ಯುತ್ ಕಂಪನಿ ಮನೆಗೆ ಒಪ್ಪಿರುವ ಗರಿಷ್ಠ ಬಳಕೆಯನ್ನು) ಹೆಚ್ಚಿಸಿಕೊಳ್ಳದೆ ಏಸಿ, ಗೀಸರ್ ಕೂಡಿಸುತ್ತಾ ಹೋಗುವವರು ಬಹಳ. 3 ಕಿಲೋವ್ಯಾಟ್ ಮಂಜೂರಾತಿ ಎಂದರೆ ಬರೀ 13 ಆಂಪಿಯರ್. ಮನೆಯೊಳಗಿನ ಫ್ಯೂಸನ್ನು ದೊಡ್ಡದು ಮಾಡಿದ ಮಾತ್ರಕ್ಕೆ ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರು ದಪ್ಪವಾಗದು. ಮೀಟರಿಗೆ ಮೊದಲಿರುವ ಫ್ಯೂಸಂತೂ ವಿದ್ಯುತ್ ಕಂಪನಿಗೆ ಸೇರಿದ್ದು, ಅದನ್ನು ಲೈನ್‌ಮ್ಯಾನ್ ಹೊರತು ಬೇರೆಯವರು ಮುಟ್ಟಕೂಡದು.

ಹೊಸ ಸಂಪರ್ಕಕ್ಕೆ ಪರವಾನಗಿ ಪಡೆದ ಗುತ್ತಿಗೆದಾರರು ಕಾಮಗಾರಿ ಪೂರ್ಣಗೊಂಡ ವರದಿ ಕೊಡುವಾಗಲೇ, ಮೇನ್ ವೈರಿನ ಗಾತ್ರ, ಅದಕ್ಕೆ ಹಾಕಬಹುದಾದ ಗರಿಷ್ಠ ಫ್ಯೂಸ್ ಮತ್ತು ಮಂಜೂರಾದ ಲೋಡ್ ಇವಿಷ್ಟನ್ನು ಬರೆದ ಚೀಟಿಯನ್ನು ಮೀಟರ್ ಬೋರ್ಡಿನ ಒಳಬದಿಗೆ ಅಂಟಿಸುವುದನ್ನು ಕಡ್ಡಾಯಗೊಳಿಸಬೇಕೆಂದು ರಾಜ್ಯದ ಎಲ್ಲ ವಿದ್ಯುತ್ ಸರಬರಾಜು ಕಂಪನಿಗಳನ್ನು ಕೋರುತ್ತೇನೆ.

– ನಿವೃತ್ತ ವಿದ್ಯುತ್ ಮೇಲ್ವಿಚಾರಕ, ತಿಪಟೂರು