ಇಬ್ಬರು ಹೆಂಗಸರು ಬರೆದ ಒಂದು ಚೀಟಿ

ಪ್ರಿಯ ಗೆಳೆಯ,

ಹೋದ ತಿಂಗಳು ನೀನು ಮನೆಗೆ ಬಂದಿದ್ದಾಗ, ಊಟವಾದ ಮೇಲೆ ನಾನು ಕೇಳಿಸಿದ ಮೊಜಾರ್ಟನ ಯುಗಳಗೀತೆಯ ಬಗ್ಗೆ ನೀನು ಆಡಿದ ಮಾತನ್ನು ನಾನಿನ್ನೂ ಮರೆತಿಲ್ಲ. ‘ಇಬ್ಬರ ದನಿಯೂ ಒಂದೇ ಥರ ಇದೆಯಲ್ಲೋ, ಒಬ್ಬಳೇ ಹಾಡಿದ್ದರೆ ಒಂದು ಸಂಬಳವಾದರೂ ಉಳಿಯುತ್ತಿತ್ತು’ ಎಂದು ನಕ್ಕುಬಿಟ್ಟೆ. ನನಗೆ ಉತ್ತರ ಹೊಳೆದದ್ದು ನೀನು ಬಸ್ಸು ಹತ್ತಿ ಹೋದ ಮೇಲೆ. ಆದ್ದರಿಂದ ಈ ಪತ್ರ.

ಆ ಹಾಡು ಬರುವುದು ಮೊಜಾರ್ಟನ ‘ಫಿಗರೋನ ಮದುವೆ’ಯಲ್ಲಿ. ಅದು 1786ರ ಮೇ 1ರಂದು ವಿಯೆನ್ನಾದಲ್ಲಿ ಮೊದಲ ಬಾರಿಗೆ ರಂಗವೇರಿದ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ಸಾಹಿತ್ಯ ಲೊರೆಂಜೊ ದ ಪಾಂಟೆಯದು. ಅದರಲ್ಲಿ ಕೌಂಟ್ ಪದವಿಯ ಶ್ರೀಮಂತ ಅಲ್ಮಾವೀವಾ ತನ್ನ ಹೆಂಡತಿಯ ದಾಸಿ ಸುಸಾನ್ನಾಳ ಮೇಲೆ ಕಣ್ಣು ಹಾಕಿದ್ದಾನೆ, ಅದೂ ತನ್ನ ಸೇವಕ ಫಿಗರೋನೊಂದಿಗೆ ಅವಳ ಮದುವೆ ನಡೆಯಬೇಕಾದ ದಿನವೇ. ಅವನ ಬಣ್ಣ ಬಯಲು ಮಾಡಲು ಒಡತಿ ಮತ್ತು ದಾಸಿ ಒಂದಾಗಿ, ರಾತ್ರಿ ತೋಟಕ್ಕೆ ಬರುವಂತೆ ಅವನಿಗೊಂದು ಚೀಟಿ ಬರೆಯುತ್ತಾರೆ. ಕೌಂಟೆಸ್, ಅಂದರೆ ಕೌಂಟನ ಹೆಂಡತಿ, ಹೇಳುತ್ತಾಳೆ, ಸುಸಾನ್ನಾ ಬರೆದುಕೊಳ್ಳುತ್ತಾಳೆ. ಮೂರನೆಯ ಅಂಕದ ಈ ಹಾಡಿನಲ್ಲಿ ನಡೆಯುವುದು ಇಷ್ಟೇ. ಚೀಟಿಯಲ್ಲಿಯೂ ಹೆಚ್ಚೇನಿಲ್ಲ: ತೋಪಿನ ಪೈನ್ ಮರಗಳ ಕೆಳಗೆ ಈ ಸಂಜೆ ಹಿತವಾದ ತಂಗಾಳಿ ಬೀಸಲಿದೆ ಎಂಬ ಒಂದು ಸಾಲು. ‘ಉಳಿದದ್ದು ಅವನಿಗೇ ತಿಳಿಯುತ್ತದೆ’ ಎಂದು ಕೌಂಟೆಸ್ ಅಲ್ಲಿಗೇ ನಿಲ್ಲಿಸುತ್ತಾಳೆ.

ಶಾಲೆಯಲ್ಲಿ ಉಕ್ತಲೇಖನ ಬರೆಯುವಾಗ ಮೇಷ್ಟ್ರು ಹೇಳಿದ ಕೊನೆಯ ಪದವನ್ನು ನಾವು ಬಾಯಲ್ಲಿ ಗುನುಗಿಕೊಳ್ಳುತ್ತಿದ್ದೆವಲ್ಲ, ಸುಸಾನ್ನಾ ಮಾಡುವುದೂ ಅದನ್ನೇ. ಒಡತಿಯ ಸಾಲಿನ ಬಾಲವನ್ನು ಹಿಡಿದು ತಾನೊಮ್ಮೆ ಹಾಡಿಕೊಳ್ಳುತ್ತಾಳೆ. ಅವಳು ಬರೆದು ಮುಗಿಸುವಷ್ಟು ಹೊತ್ತು ಒಬೊ ಮತ್ತು ಬಸೂನ್ ಎಂಬ ಊದುವ ವಾದ್ಯಗಳು ರಾಗವನ್ನು ಮುಂದಕ್ಕೆ ಒಯ್ಯುತ್ತವೆ. ‘ಪೈನ್ ಮರಗಳ ಕೆಳಗೆ?’ ಎಂದು ಕೇಳಿ ಖಚಿತಪಡಿಸಿಕೊಳ್ಳುತ್ತಾಳೆ. ಪ್ರತಿಧ್ವನಿಯಂಥ ಈ ಮರುನುಡಿ ಅಲಂಕಾರಕ್ಕೆಂದು ಬಂದದ್ದಲ್ಲ, ಮಾಡುತ್ತಿರುವ ಕೆಲಸದಿಂದಲೇ ಹುಟ್ಟಿದ್ದು ಎಂಬುದು ನನಗೆ ಪ್ರತಿ ಸಲವೂ ಸೋಜಿಗ. ಬರೆದದ್ದನ್ನು ಇಬ್ಬರೂ ಓದಿನೋಡುವಾಗಲಂತೂ ಒಬ್ಬಳ ಮಾತು ಮುಗಿಯುವ ಮೊದಲೇ ಇನ್ನೊಬ್ಬಳು ಎತ್ತಿಕೊಳ್ಳುತ್ತಾಳೆ, ಕೊನೆಗೆ ಜೊತೆಯಾಗಿ ಸಾಗುತ್ತಾರೆ. ಇಬ್ಬರದೂ ಸೊಪ್ರಾನೊ, ಅಂದರೆ ಎಲ್ಲಕ್ಕಿಂತ ಎತ್ತರದ ಹೆಣ್ಣುದನಿಯೇ ಆದ್ದರಿಂದ, ಅಷ್ಟು ಹೊತ್ತಿಗೆ ಹೇಳಿದವಳು ಯಾರು, ಬರೆದವಳು ಯಾರು ಎಂಬ ಲೆಕ್ಕ ನಮ್ಮ ಕಿವಿಗೆ ತಪ್ಪಿಹೋಗಿರುತ್ತದೆ. ಒಡತಿ–ದಾಸಿ ಎಂಬ ಅಂತರವೂ ಆ ಗಳಿಗೆಯಲ್ಲಿ ಕೇಳಿಸುವುದಿಲ್ಲ.

ನಮ್ಮ ಕಛೇರಿಗಳಲ್ಲಿ ಸಹೋದರಿಯರಿಬ್ಬರು ಜೊತೆಗೂಡಿ ಹಾಡುವಾಗ ಸಾಮಾನ್ಯವಾಗಿ ಇಬ್ಬರೂ ನಿಲ್ಲುವುದು ಒಂದೇ ಸ್ವರದ ಮೇಲೆ. ಒಬ್ಬಳು ಪಂಚಮದಲ್ಲಿರುವಾಗ ಇನ್ನೊಬ್ಬಳು ಗಾಂಧಾರದಲ್ಲಿ ನಿಂತರೆ ಮುಂದಿನ ಸಾಲಿನಲ್ಲಿ ಕೂತ ಹಿರಿಯರು ಹುಬ್ಬು ಗಂಟಿಕ್ಕಿಯಾರು. ಒಪೆರಾದಲ್ಲಿ ಸೊಗಸಿರುವುದು ಆ ಚಿಕ್ಕ ಅಂತರದಲ್ಲಿಯೇ. ಗಂಡು–ಹೆಣ್ಣು ದನಿಗಳಾದರೆ ಮೇಲೊಂದು ಕೆಳಗೊಂದು ಎಂದು ಸುಲಭವಾಗಿ ಬೇರ್ಪಡಿಸಬಹುದು. ಎರಡು ಹೆಣ್ಣು ದನಿಗಳಾದರೆ ಹೆಣೆದ ಜಡೆಯ ಎಳೆಗಳಂತೆ ಒಂದರೊಳಗೊಂದು ಸೇರಿಬಿಡುತ್ತವೆ.

ನಿನಗೆ ಹೆಚ್ಚು ಪರಿಚಿತವಾಗಿರಬಹುದಾದದ್ದು ಫ್ರೆಂಚ್ ಸಂಗೀತಕಾರ ದೇಲೀಬನ ‘ಲಕ್ಮೆ’ಯ ಹೂವಿನ ಹಾಡು, ವಿಮಾನ ಕಂಪನಿಯ ಜಾಹೀರಾತಿನಲ್ಲಿ ಕೇಳಿರುತ್ತೀಯೆ. 1883ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಪ್ರದರ್ಶನಗೊಂಡ ಈ ಒಪೆರಾದ ಕಥೆ ನಡೆಯುವುದು ಬ್ರಿಟಿಷರ ಕಾಲದ ಭಾರತದಲ್ಲಿ. ಲಕ್ಮೆ ಎಂದರೆ ಲಕ್ಷ್ಮಿ, ಅವಳ ತಂದೆ ನೀಲಕಂಠ, ಸೇವಕಿ ಮಲ್ಲಿಕಾ. ಆ ಸೇವಕಿಯ ಹೆಸರಿನಲ್ಲೇ ಮಲ್ಲಿಗೆ ಇದೆ, ಹಾಡಿನಲ್ಲಿಯೂ ಮಲ್ಲಿಗೆಯ ಚಪ್ಪರವಿದೆ! ಅದು ಕನ್ನಡದ ಕಿವಿಗೆ ಸಿಗುವ ಉಚಿತ ಕೊಡುಗೆ. ಅಲ್ಲಿ ಮಲ್ಲಿಕಾಳದು ತುಸು ತಗ್ಗಿನ ಮೆಜೊ ದನಿ. ಲಕ್ಮೆಯ ದನಿಯ ಕೆಳಗೆ ನೆರಳಿನ ಹಾಗೆ ತೇಲಿ ಸಾಗುತ್ತದೆ. ಕೇಳಲು ಬಲು ಇಂಪು, ಒಪ್ಪುತ್ತೇನೆ. ಆದರೆ ಅಲ್ಲಿ ಸೇವಕಿ ಕಡೆಯವರೆಗೂ ಸೇವಕಿಯೇ. ನನ್ನ ಮತ ಮೊಜಾರ್ಟನಿಗೆ.

ಈಗ ನಿನ್ನ ಸಂಬಳದ ಪ್ರಶ್ನೆಗೆ ಬರುತ್ತೇನೆ. ಚೀಟಿ ಬರೆದಾದ ಮೇಲೆ ಅದಕ್ಕೆ ಮುದ್ರೆಯ ಬದಲು ಒಂದು ಗುಂಡುಸೂಜಿ ಚುಚ್ಚುತ್ತಾರೆ; ಮದುವೆಯ ಗದ್ದಲದ ನಡುವೆ ಕದ್ದು ಬಿಡಿಸಹೋದ ಕೌಂಟ್ ಬೆರಳಿಗೆ ಚುಚ್ಚಿಸಿಕೊಳ್ಳುತ್ತಾನೆ. ಕೊನೆಯ ಅಂಕದಲ್ಲಿ ಕೌಂಟೆಸ್ ಸುಸಾನ್ನಾಳ ಉಡುಪು ತೊಟ್ಟು ಕತ್ತಲ ತೋಟದಲ್ಲಿ ನಿಂತಿರುತ್ತಾಳೆ. ಅವಳೇ ದಾಸಿಯೆಂದು ತಿಳಿದು ಕೌಂಟ್ ಕೈಹಿಡಿದು ಸರಸಕ್ಕಿಳಿಯುತ್ತಾನೆ, ಕೈಗೊಂದು ಉಂಗುರವನ್ನೂ ತೊಡಿಸುತ್ತಾನೆ. ವರ್ಷಗಟ್ಟಲೆ ಜೊತೆಯಲ್ಲಿ ಬಾಳಿದ ಹೆಂಡತಿಯ ದನಿ ಅವನಿಗೆ ಗುರುತು ಸಿಗುವುದಿಲ್ಲ. ಇಬ್ಬರ ದನಿಯೂ ಒಂದೇ ಥರ ಇದೆ ಎಂದು ನಮ್ಮ ಮನೆಯಲ್ಲಿ ಕೂತು ನೀನು ದೂರಿದೆಯಲ್ಲ, ಅದೇ ಕಾರಣಕ್ಕೆ ಕೌಂಟ್ ಸಿಕ್ಕಿಬಿದ್ದ.

ಹಾಡು ಮೂರು ನಿಮಿಷದಷ್ಟಿದೆ. ಮತ್ತೊಮ್ಮೆ ಕೇಳು, ಸುಸಾನ್ನಾ ಎಲ್ಲಿಂದ ಕೈತಪ್ಪಿದಳೆಂದು ಬರೆ.

ಇಂತಿ,
ನಿನ್ನ ಗೆಳೆಯ