ಹುಡುಗರ ತರಬೇತಿಯಲ್ಲಿ ಯೋಗ: ಯಾವ ಹೊತ್ತಿಗೆ, ಎಷ್ಟು

ಮಾನ್ಯ ಸಂಪಾದಕರೇ,

ಯೋಗ ದಿನವಾದ ಜೂನ್ 21ರಂದು ಶಿವಮೊಗ್ಗ ಜಿಲ್ಲೆಯ ಶಾಲೆ, ಕಾಲೇಜುಗಳಲ್ಲಿ ಹುಡುಗರು ಸಾಲಾಗಿ ಕೂತು ಆಸನ ಹಾಕುತ್ತಾರೆ. ಮಾರನೇ ದಿನ ಜಮಖಾನ ಮಡಚಿ ಒಳಗಿಟ್ಟರೆ ಮತ್ತೆ ಹೊರಗೆ ಬರುವುದು ಮುಂದಿನ ವರ್ಷವೇ. ಸರಿಯಾಗಿ ಅದೇ ಹೊತ್ತಿಗೆ ಮಲೆನಾಡಿಗೆ ಮಳೆ ಹಿಡಿಯುತ್ತದೆ. ಕಬಡ್ಡಿ ಅಂಕಣ ಕೆಸರಾಗುತ್ತದೆ, ತೀರ್ಥಹಳ್ಳಿ, ಹೊಸನಗರದ ಕಡೆ ಓಟದ ಹುಡುಗರಿಗೆ ಕಾಲಿಡಲು ಒಣ ಜಾಗ ಸಿಗುವುದಿಲ್ಲ. ಹುಡುಗರ ಮೈ ಬಿಗಿದುಕೊಳ್ಳುವುದು ಈ ತಿಂಗಳುಗಳಲ್ಲೇ. ಹಾಗಾಗಿ ಯೋಗವನ್ನು ಒಂದು ದಿನದ ಕಾರ್ಯಕ್ರಮವಾಗಿ ಬಿಡದೆ ಕಬಡ್ಡಿ, ವಾಲಿಬಾಲ್, ಕ್ರಿಕೆಟ್, ಓಟದ ಹುಡುಗರ ತರಬೇತಿಯೊಳಗೆ ಸೇರಿಸಬೇಕೆಂಬುದು ನಮ್ಮ ಕೋರಿಕೆ. ಆದರೆ ಹೊತ್ತು ತಪ್ಪಿ ಮಾಡಿಸಿದರೆ ಆಟ ಕೆಡುತ್ತದೆ, ಅಳತೆ ತಪ್ಪಿದರೆ ಗಾಯವಾಗುತ್ತದೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇವೆ.

ಹೊತ್ತಿನ ವಿಷಯ ಮೊದಲು. ಪಂದ್ಯಕ್ಕೆ ಮುಂಚೆ ಹುಡುಗರನ್ನು ನೆಲಕ್ಕೆ ಕೂರಿಸಿ ಪಶ್ಚಿಮೋತ್ತಾನಾಸನದಲ್ಲಿ ನಿಮಿಷಗಟ್ಟಲೆ ಬಗ್ಗಿಸಿಡುವ ರೂಢಿ ಹಲವು ಕಡೆ ಇದೆ. ಇದು ತಪ್ಪು. ಒಂದೇ ಸ್ನಾಯುವನ್ನು ನಿಮಿಷಕ್ಕೂ ಹೆಚ್ಚು ಹೊತ್ತು ಎಳೆದು ಹಿಡಿದರೆ ಆಮೇಲೆ ಸ್ವಲ್ಪ ಹೊತ್ತು ಅದರ ಚಿಮ್ಮುವ ಶಕ್ತಿ ಕುಗ್ಗುತ್ತದೆ. ಜಿಗಿತ, ಓಟದ ಮೊದಲ ಹೆಜ್ಜೆ ಎರಡೂ ಮಂದವಾಗುತ್ತವೆ. ಆಟದ ಮುಂಚೆ ಬೇಕಾದದ್ದು ಚಲನೆ. ಆರರಿಂದ ಎಂಟು ಸುತ್ತು ಸೂರ್ಯನಮಸ್ಕಾರ, ಒಂದು ಭಂಗಿಗೆ ಒಂದೇ ಉಸಿರು, ಎಲ್ಲೂ ನಿಲ್ಲದೆ. ಮೊದಲ ಎರಡು ಸುತ್ತು ಮಂಡಿ ಸಡಿಲ ಬಿಟ್ಟು ನಿಧಾನಕ್ಕೆ ಮಾಡಲಿ. ಮಳೆಗಾಲದ ಚಳಿಯಲ್ಲಿ ಸ್ನಾಯು ಬಿಸಿಯಾಗಲು ಹೆಚ್ಚು ಹೊತ್ತು ಬೇಕು. ಹಿಡಿದು ನಿಲ್ಲುವ ಆಸನಗಳೆಲ್ಲ ಅಭ್ಯಾಸ ಮುಗಿದು ಮೈ ಬೆವರಿದ ಮೇಲೆ, ಇಪ್ಪತ್ತು ಇಪ್ಪತ್ತೈದು ನಿಮಿಷ, ವಾರಕ್ಕೆ ಮೂರು ದಿನ.

ಹುಡುಗರ ಮೈ ಎಲ್ಲಿ ಬಿಗಿದಿದೆ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಹಿಮ್ಮಡಿ ನೆಲಕ್ಕೆ ಊರಿ ಕುಕ್ಕರಗಾಲಲ್ಲಿ ಕೂರಿಸಿ ನೋಡಿ. ಹಿಮ್ಮಡಿ ಎದ್ದರೆ ಮೀನಖಂಡ, ಪಾದದ ಕೀಲು ಬಿಗಿ ಇವೆ ಎನ್ನಬಹುದು. ತೋಟ, ಗದ್ದೆಯ ಕೆಲಸದಲ್ಲಿ ಬೆಳೆದ ಹಿರಿಯರು ಸಲೀಸಾಗಿ ಕೂರುವ ಭಂಗಿಯಲ್ಲಿ ಬೆಂಚು, ಬೈಕಿನ ಮೇಲೆ ಬೆಳೆದ ಹುಡುಗ ಹಿಂದಕ್ಕೆ ಬೀಳುತ್ತಾನೆ. ಹಿಮ್ಮಡಿಯ ಕೆಳಗೆ ಮಡಚಿದ ಗೋಣಿಚೀಲ ಇಟ್ಟು ಅರ್ಧ ನಿಮಿಷದಿಂದ ಶುರು ಮಾಡಿಸಿ, ವಾರ ಕಳೆದಂತೆ ಮಡಿಕೆ ಕಡಿಮೆ ಮಾಡುತ್ತ ಹೋಗಬೇಕು.

ಪದ್ಮಾಸನದ ಹಠ ಮಾತ್ರ ಬೇಡ. ಮಂಡಿ ಬಾಗಿಲ ತಿರುಗಣಿಯ ಹಾಗೆ. ಮಡಚುತ್ತದೆ, ಬಿಚ್ಚುತ್ತದೆ, ತಿರುಚಲು ಬಾರದು. ಸೊಂಟದ ಕೀಲು ಹೊರಕ್ಕೆ ತಿರುಗದಿದ್ದಾಗ ಪಾದವನ್ನು ಬಲವಂತವಾಗಿ ತೊಡೆಯ ಮೇಲೆ ಎಳೆದರೆ ಆ ತಿರುಚುವಿಕೆಯೆಲ್ಲ ಮಂಡಿಯೊಳಗಿನ ಮೆದುಮೂಳೆಯ ಬಿಲ್ಲೆಯ ಮೇಲೆ ಬೀಳುತ್ತದೆ. ಕಬಡ್ಡಿಯಲ್ಲಿ ಮಂಡಿಗೆ ಬೀಳುವ ಏಟೇ ಸಾಕಷ್ಟಿದೆ. ಸುಖಾಸನದಲ್ಲಿ ಕೂತರೂ ಪ್ರಾಣಾಯಾಮಕ್ಕೆ ಏನೂ ಕಮ್ಮಿಯಿಲ್ಲ.

ಓಟಗಾರರಿಗೆ ತೊಂದರೆ ಕೊಡುವುದು ತೊಡೆಯ ಹಿಂಭಾಗ, ಹುಡುಗರ ಮಾತಿನಲ್ಲಿ ಹ್ಯಾಮ್‌ಸ್ಟ್ರಿಂಗ್. ಇದಕ್ಕೆ ಸುಪ್ತ ಪಾದಾಂಗುಷ್ಠಾಸನದಷ್ಟು ಸುರಕ್ಷಿತವಾದದ್ದು ಕಡಿಮೆ. ಅಂಗಾತ ಮಲಗಿ, ಒಂದು ಪಾದಕ್ಕೆ ಹಳೆಯ ಪಂಚೆ ಸುತ್ತಿ, ಕಾಲನ್ನು ಮೇಲೆತ್ತಬೇಕು. ಇನ್ನೊಂದು ತೊಡೆ ನೆಲ ಬಿಡಬಾರದು. ಮಂಡಿ ಕೊಂಚ ಮಡಚಿದ್ದರೂ ಅಡ್ಡಿಯಿಲ್ಲ. ಕಾಲಿಗೆ ಒಂದು ನಿಮಿಷ, ಎರಡು ಬಾರಿ. ಎಳೆತ ತೊಡೆಯ ನಡುವೆ ಗೊತ್ತಾಗಬೇಕು. ಕೂತಾಗ ನೆಲಕ್ಕೆ ತಾಗುವ ಮೂಳೆಯ ಹತ್ತಿರ ಚುಚ್ಚಿದರೆ ಕೂಡಲೇ ಬಿಡಿಸಿ. ಅಲ್ಲಿ ನೋಯುವುದು ಸ್ನಾಯು ಮೂಳೆಗೆ ಅಂಟುವ ಜಾಗ. ಒಮ್ಮೆ ಕೆಟ್ಟರೆ ತಿಂಗಳುಗಟ್ಟಲೆ ವಾಸಿಯಾಗುವುದಿಲ್ಲ. ಹಿಂದಿನಿಂದ ಬೆನ್ನು ಒತ್ತಿ ಬಗ್ಗಿಸುವ ಶಿಕ್ಷಕರು ದಯವಿಟ್ಟು ಇದನ್ನು ಗಮನಿಸಬೇಕು.

ವಾಲಿಬಾಲ್ ಹುಡುಗರಿಗೆ ಒಂಟಿ ಕಾಲಲ್ಲಿ ನಿಲ್ಲುವ ವೃಕ್ಷಾಸನ ಕಡ್ಡಾಯವಾಗಲಿ. ಕಾಲಿಗೆ ಮೂವತ್ತು ಸೆಕೆಂಡು, ಹಿಡಿತ ಬಂದ ಮೇಲೆ ಕಣ್ಣು ಮುಚ್ಚಿ. ನೆಟ್ ಹತ್ತಿರ ಇನ್ನೊಬ್ಬರ ಪಾದದ ಮೇಲೆ ಇಳಿದು ಉಳುಕಿದ ಕಾಲಿಗೆ ಮತ್ತೆ ಹಿಡಿತ ಕಲಿಸುವುದು ಇದೇ.

ವೇಗದ ಬೌಲಿಂಗ್ ಮಾಡುವ ಹದಿಹರೆಯದ ಹುಡುಗರಿಗೆ ಮೈಯನ್ನು ಹಿಂದಕ್ಕೆ ಕಮಾನಿನಂತೆ ಬಗ್ಗಿಸುವ ಚಕ್ರಾಸನ ಬೇಡ. ಚೆಂಡೆಸೆಯುವಾಗ ಅವರ ಸೊಂಟ ಹಿಂದಕ್ಕೆ ಬಾಗಿ ತಿರುಗುತ್ತಲೇ ಇರುತ್ತದೆ; ಅಲ್ಲಿನ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬರುವುದು ಹಾಗೆಯೇ. ಬೆನ್ನು ನೆಟ್ಟಗಿಟ್ಟು ಗಟ್ಟಿಗೊಳಿಸುವ ಫಲಕಾಸನ (ಪ್ಲ್ಯಾಂಕ್), ವಸಿಷ್ಠಾಸನ (ಪಕ್ಕಕ್ಕೆ ತಿರುಗಿ ಮಾಡುವ ಪ್ಲ್ಯಾಂಕ್) ಸಾಕು. ಒಂಟಿ ಕಾಲಲ್ಲಿ ನಿಂತು ಹಿಂದಕ್ಕೆ ಬಾಗಿದಾಗ ಸೊಂಟದ ಒಂದು ಪಕ್ಕ ನೋಯುವ ಹುಡುಗನಿಗೆ ಆಸನ ನಿಲ್ಲಿಸಿ, ವೈದ್ಯರಿಗೆ ತೋರಿಸಿ.

ಉಸಿರಿನ ಅಭ್ಯಾಸದಿಂದ ಹೆಚ್ಚು ಲಾಭ ಕಬಡ್ಡಿಗೆ. ರೈಡರ್‌ಗೆ ಇರುವುದು ಮೂವತ್ತು ಸೆಕೆಂಡು. ಅಷ್ಟು ಹೊತ್ತೂ ‘ಕಬಡ್ಡಿ ಕಬಡ್ಡಿ’ ಎಂಬ ದನಿ ಮುರಿಯಬಾರದು. ಅಂದರೆ ಉಸಿರನ್ನು ದನಿಯ ಜೊತೆ ಸಣ್ಣಗೆ, ಹಿಡಿದು ಹಿಡಿದು ಬಿಡುವ ಕಲೆ. ಭ್ರಾಮರಿ ಕಲಿಸುವುದೂ ಅದನ್ನೇ. ತುಟಿ ಮುಚ್ಚಿ, ಹಲ್ಲು ಕಚ್ಚದೆ, ಮೂಗಿನಿಂದ ಉಸಿರೆಳೆದು ಝೇಂಕರಿಸುತ್ತ ಬಿಡುವುದು. ಗಡಿಯಾರ ಎದುರಿಗಿಟ್ಟು ಹತ್ತು ಸೆಕೆಂಡಿನಿಂದ ಶುರು ಮಾಡಿ, ಏಳು ಸುತ್ತು. ಮುಂದಿನ ಉಸಿರನ್ನು ಏದುಸಿರಾಗಿ ಎಳೆದುಕೊಂಡರೆ ಅಳತೆ ಹೆಚ್ಚಾಯಿತೆಂದು ಅರ್ಥ, ಎರಡು ಸೆಕೆಂಡು ಇಳಿಸಿ. ಕೊನೆಗೆ ಗೋಡೆಗೆ ಕಾಲು ಚಾಚಿ ಮಲಗಿ ಐದು ನಿಮಿಷ, ನಾಲ್ಕು ಎಣಿಸಿ ಎಳೆದು ಆರು ಎಣಿಸಿ ಬಿಡಲಿ. ಬಿಡುವ ಉಸಿರು ಉದ್ದವಾದಷ್ಟೂ ಎದೆಬಡಿತ ಇಳಿಯುತ್ತದೆ. ಹೊನಲು ಬೆಳಕಿನ ಪಂದ್ಯ ಆಡಿ ನಡುರಾತ್ರಿ ಮನೆ ಸೇರಿ ನಿದ್ದೆ ಬಾರದೆ ಹೊರಳುವ ಹುಡುಗರಿಗೆ ಇದು ನಿಜಕ್ಕೂ ಉಪಕಾರ. ಹೊಟ್ಟೆ ಒಳಕ್ಕೆಳೆದು ರಭಸದಿಂದ ಉಸಿರು ಬಿಡುವ ಕಪಾಲಭಾತಿಯನ್ನು ಮಾತ್ರ ಹರ್ನಿಯಾ ಇದ್ದವರು ಮಾಡಬಾರದು.

‘ಯೋಗ ವಯಸ್ಸಾದವರಿಗೆ, ಹೆಂಗಸರಿಗೆ’ ಎನ್ನುವ ಹುಡುಗರಿದ್ದಾರೆ. ಗರಡಿಮನೆಯ ದಂಡ ಹೊಡೆಯುವುದನ್ನು ಅವರಿಗೆ ತೋರಿಸಬೇಕು. ಸೊಂಟ ಎತ್ತಿ, ಎದೆ ನೆಲ ಸವರಿ ಮೇಲೇಳುವ ಆ ಚಲನೆಯೇ ಸೂರ್ಯನಮಸ್ಕಾರದ ನಡುಭಾಗದಲ್ಲೂ ಇದೆ. ಮ್ಯಾಂಚೆಸ್ಟರ್ ಯುನೈಟೆಡ್‌ನ ರಯಾನ್ ಗಿಗ್ಸ್‌ಗೆ ತೊಡೆಯ ಹಿಂಭಾಗದ ಗಾಯ ಮತ್ತೆ ಮತ್ತೆ ಕಾಡಿತ್ತು. ಯೋಗ ಹಿಡಿದು ಅವರು 40ನೇ ವಯಸ್ಸಿನವರೆಗೂ ಫುಟ್‌ಬಾಲ್ ಆಡಿ 2014ರಲ್ಲಿ ನಿವೃತ್ತರಾದರು.

ಇದಕ್ಕೆ ದೊಡ್ಡ ಖರ್ಚಿಲ್ಲ. ಶಾಲೆಯ ಜಗುಲಿ, ಸಮುದಾಯ ಭವನ ಸಾಕು. ರೆಡ್‌ಆಕ್ಸೈಡ್ ನೆಲದ ಮೇಲೆ ಜಮಖಾನ ಜಾರುತ್ತದೆ, ಮಳೆಗಾಲದ ತೇವದಲ್ಲಿ ಇನ್ನೂ ಹೆಚ್ಚು. ನಿಂತು ಮಾಡುವ ಆಸನಗಳನ್ನು ಒರೆಸಿದ ಬರಿನೆಲದಲ್ಲಿ ಬರಿಗಾಲಲ್ಲೇ ಮಾಡಿಸಬೇಕು. ಶಿಕ್ಷಣ ಇಲಾಖೆ ಮತ್ತು ಕ್ರೀಡಾ ಇಲಾಖೆ ಒಟ್ಟಾಗಿ ದೈಹಿಕ ಶಿಕ್ಷಕರಿಗೆ ಮೇ ತಿಂಗಳಲ್ಲೇ ಎರಡು ದಿನದ ತರಬೇತಿ ಕೊಟ್ಟರೆ, ಮಳೆ ಹಿಡಿಯುವ ಹೊತ್ತಿಗೆ ಕ್ರೀಡಾ ವಸತಿ ನಿಲಯಗಳಲ್ಲೂ ಹಳ್ಳಿಯ ಪ್ರೌಢಶಾಲೆಗಳಲ್ಲೂ ವಾರಕ್ಕೆ ಮೂರು ಸಂಜೆ ಇದನ್ನು ಶುರು ಮಾಡಬಹುದು.

— ಕೆಲವು ಯೋಗ ಮತ್ತು ದೈಹಿಕ ಶಿಕ್ಷಕರು, ಶಿವಮೊಗ್ಗ