ಬಾಕಿ ಬಿಲ್ಲು ಮತ್ತು ಮೈಮೇಲೆ ಬೀಳುವ ಕೆಲಸ

ಸಂಪಾದಕರಿಗೆ,

ಅನುವಾದ, ಪುಟವಿನ್ಯಾಸ, ವಿಡಿಯೊ ಸಂಕಲನ, ಸಾಫ್ಟ್‌ವೇರ್‌ನಂತಹ ಕೆಲಸಗಳನ್ನು ಫ್ರೀಲಾನ್ಸ್ ಆಗಿ ಮಾಡಿಕೊಡುವವರ ಬಗ್ಗೆ ಪದೇ ಪದೇ ಕೇಳಿಬರುವ ದೂರೆಂದರೆ, ಅವರು ಬಂದ ಕೆಲಸವನ್ನೆಲ್ಲ ಒಪ್ಪಿಕೊಂಡು ಯಾವುದನ್ನೂ ಹೇಳಿದ ದಿನಕ್ಕೆ ಮುಗಿಸಿಕೊಡುವುದಿಲ್ಲ ಎಂಬುದು. ಇದಕ್ಕೆ ಪರಿಹಾರವಾಗಿ ವೇಳಾಪಟ್ಟಿ, ಆ್ಯಪ್, ‘ಆಗುವುದಿಲ್ಲ’ ಎಂದು ಹೇಳುವ ಅಭ್ಯಾಸ ಮುಂತಾದವನ್ನು ಸೂಚಿಸಲಾಗುತ್ತದೆ. ಹಲವು ವರ್ಷಗಳಿಂದ ಅನುವಾದವನ್ನೇ ನಂಬಿ ಬದುಕುತ್ತಿರುವ ನನ್ನ ಅನುಭವದಲ್ಲಿ ಸಮಸ್ಯೆಯ ಬೇರು ಇರುವುದು ಬೇರೆಡೆ.

ಮುಗಿಸಿಕೊಟ್ಟ ಕೆಲಸದ ಹಣ ಯಾವ ತಿಂಗಳು ಬರುತ್ತದೆಂದು ತಿಳಿಯದಿರುವುದೇ ಆ ಬೇರು. ಮನೆ ಬಾಡಿಗೆಗೆ, ಮಕ್ಕಳ ಶಾಲಾ ಶುಲ್ಕಕ್ಕೆ ದಿನ ಗೊತ್ತಾಗಿರುತ್ತದೆ. ‘ಬಿಲ್ ಇನ್ನೂ ಪಾಸಾಗಿಲ್ಲ’, ‘ಸಾಹೇಬರ ಸಹಿ ಬಾಕಿಯಿದೆ’ ಎಂಬ ಉತ್ತರಗಳಿಗೆ ಕೊನೆಯ ದಿನ ಎಂಬುದಿರುವುದಿಲ್ಲ. ಬಾಕಿಯಿರುವ ಮೂರು ಬಿಲ್ಲುಗಳಲ್ಲಿ ಯಾವುದು ಮೊದಲು ಕೈಸೇರೀತೆಂದು ಹೇಳಲಾಗದವರು, ಎರಡು ಕೆಲಸ ಸಾಕಾಗುವ ಕಡೆ ಐದನ್ನು ಒಪ್ಪಿಕೊಳ್ಳುತ್ತಾರೆ. ಇದನ್ನು ದುರಾಸೆ ಎನ್ನುವುದು ಅನ್ಯಾಯ. ಆಮೇಲೆ ಐದೂ ಕಡೆಯಿಂದ ಒಂದೇ ವಾರದಲ್ಲಿ ‘ಅರ್ಜೆಂಟ್’ ಎಂಬ ಕರೆಗಳು ಬರುತ್ತವೆ, ಹಳೆಯ ಕೆಲಸಗಳ ತಿದ್ದುಪಡಿಗಳೂ ಅದೇ ಹೊತ್ತಿಗೆ ವಕ್ಕರಿಸುತ್ತವೆ, ನಿದ್ದೆಗೆಟ್ಟು ಮಾಡಿದ ಅನುವಾದದಲ್ಲಿ ವಾಕ್ಯಗಳು ಸಡಿಲವಾಗುತ್ತವೆ. ಕೊನೆಗೆ ಪುಸ್ತಕವಾಗಿ ಓದುಗರ ಕೈಗೆ ಹೋಗುವುದು ಅದೇ ವಾಕ್ಯಗಳು.

ಕಾನೂನು ಈ ವಿಷಯದಲ್ಲಿ ಸುಮ್ಮನಿಲ್ಲ. 2006ರ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ ಸೇವೆ ಒದಗಿಸುವವರಿಗೂ ಅನ್ವಯಿಸುತ್ತದೆ ಮತ್ತು ಒಬ್ಬರೇ ನಡೆಸುವ ವೃತ್ತಿಯನ್ನೂ ಕೇಂದ್ರ ಸರ್ಕಾರದ ‘ಉದ್ಯಮ್’ ಜಾಲತಾಣದಲ್ಲಿ ಶುಲ್ಕವಿಲ್ಲದೆ ನೋಂದಾಯಿಸಬಹುದು. ಕೆಲಸ ತಲುಪಿದ 15 ದಿನಗಳೊಳಗೆ ಲಿಖಿತ ಆಕ್ಷೇಪ ಬಾರದಿದ್ದರೆ ಅದನ್ನು ಒಪ್ಪಿಕೊಂಡಂತೆಯೇ ಸರಿ. ಕರಾರಿನಲ್ಲಿ ಏನೇ ಬರೆದಿದ್ದರೂ, ಒಪ್ಪಿಗೆಯಾದ ಮೇಲೆ 45 ದಿನಗಳನ್ನು ಮೀರಿ ಪಾವತಿಯನ್ನು ಮುಂದೂಡುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ‘ಬ್ಯಾಂಕ್ ದರ’ ಎಂಬ ಬಡ್ಡಿದರದ ಮೂರು ಪಟ್ಟು ಲೆಕ್ಕದಲ್ಲಿ, ತಿಂಗಳು ತಿಂಗಳೂ ಅಸಲಿಗೆ ಸೇರುವ ಚಕ್ರಬಡ್ಡಿ ಕೊಡಬೇಕು. ನಮ್ಮ ವಲಯದಲ್ಲಿ ಇದು ಗೊತ್ತಿರುವವರು ವಿರಳ. ಮೊದಲ ಕೆಲಸ ಒಪ್ಪಿಕೊಳ್ಳುವ ಮುಂಚೆಯೇ ನೋಂದಣಿ ಮಾಡಿಸಿಕೊಳ್ಳುವುದು ಕ್ಷೇಮ, ಏಕೆಂದರೆ ಆಮೇಲೆ ಮಾಡಿಸಿದ ನೋಂದಣಿಯಿಂದ ಹಳೆಯ ಬಾಕಿಗೆ ರಕ್ಷಣೆ ಸಿಗುವುದು ಕಷ್ಟ.

ಆದರೆ ಇಂಥ ಬಾಕಿಯ ದೂರುಗಳನ್ನು ವಿಚಾರಿಸುವ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ದೂರು ಕೊಟ್ಟವರಿಗೆ, ಬಾಕಿ ಉಳಿಸಿಕೊಂಡ ಸಂಸ್ಥೆಯಿಂದ ಮುಂದಿನ ಕೆಲಸ ಬರುವುದುಂಟೇ? ಈ ಭಯದಿಂದಲೇ ಹೆಚ್ಚಿನವರು ಸುಮ್ಮನಿರುತ್ತಾರೆ, ಇನ್ನೊಂದು ಕೆಲಸ ಹಿಡಿಯುತ್ತಾರೆ. 2025ರಲ್ಲಿ ಕರ್ನಾಟಕ ಜಾರಿಗೆ ತಂದ ಗಿಗ್ ಕಾರ್ಮಿಕರ ಕಾಯ್ದೆ ಸ್ವಾಗತಾರ್ಹವಾದರೂ, ಅದು ಆ್ಯಪ್ ಆಧಾರಿತ ವೇದಿಕೆಗಳ ಮೂಲಕ ದುಡಿಯುವವರಿಗೆ ಸಂಬಂಧಿಸಿದ್ದು. ನೇರವಾಗಿ ಕ್ಲೈಂಟ್‌ಗಳೊಂದಿಗೆ ವ್ಯವಹರಿಸುವ ನಮ್ಮಂಥವರು ಅದರ ಹೊರಗೇ ಉಳಿದಿದ್ದೇವೆ.

ಹಾಗಾಗಿ ಮೊದಲ ಹೆಜ್ಜೆಯನ್ನು ಕೆಲಸ ಕೊಡುವವರೇ ಇಡಬೇಕು. ಅನುವಾದ ಮತ್ತು ವಿನ್ಯಾಸದ ಕೆಲಸವನ್ನು ಹೊರಗಿನವರಿಗೆ ವಹಿಸುವ ಸರ್ಕಾರಿ ಇಲಾಖೆಗಳು, ವಿಶ್ವವಿದ್ಯಾಲಯಗಳು ಹಾಗೂ ಪ್ರಕಾಶಕರು ಕೆಲಸ ಶುರುವಾಗುವ ಮುನ್ನ ಲಿಖಿತ ಆದೇಶವನ್ನೂ ಮೂರನೇ ಒಂದು ಭಾಗದಷ್ಟು ಮುಂಗಡವನ್ನೂ ಕೊಡಲಿ, ಎಷ್ಟು ಸಲದ ತಿದ್ದುಪಡಿ ಅದರಲ್ಲಿ ಸೇರಿದೆಯೆಂದು ಅಲ್ಲಿಯೇ ನಮೂದಿಸಲಿ, ಉಳಿದ ಹಣಕ್ಕೆ ಕಾಯ್ದೆ ಹೇಳಿದ ಗಡುವನ್ನು ಪಾಲಿಸಲಿ. ಸರ್ಕಾರವು ತನ್ನ ಇಲಾಖೆಗಳಿಗೆ ಈ ಕುರಿತು ಸುತ್ತೋಲೆ ಹೊರಡಿಸಿದರೆ ಖಾಸಗಿಯವರನ್ನು ಕೇಳಲು ನಮಗೂ ಒಂದು ಆಧಾರ ಸಿಗುತ್ತದೆ.

– ಓರ್ವ ಅನುವಾದಕಿ, ಮೈಸೂರು